ಒಂದು ಗಂಟೆಯ ದಾರಿ

ಮಂಗಳೂರಿಗೂ ಬೆಂಗಳೂರಿಗೂ ಎಷ್ಟು ದೂರ? ಪ್ರಶ್ನೆ ಸುಲಭವಾದುದು, ಉತ್ತರ ಮಾತ್ರ ಹೇಳುವವರ ವಾಹನವನ್ನು ಹೊಂದಿಕೊಂಡಿದೆ. ಶಿರಾಡಿ ಘಟ್ಟವನ್ನೇರಿ ಹಾಸನದ ಮೇಲೆ ಹೋಗುವ ಬಸ್ಸಿನವರಿಗೆ ಅದು ಸುಮಾರು 350 ಕಿಲೋಮೀಟರು, ಒಂದು ರಾತ್ರಿಯ ಅರೆನಿದ್ದೆ. ರೈಲಿನವರಿಗೆ ಸುಬ್ರಹ್ಮಣ್ಯ–ಸಕಲೇಶಪುರಗಳ ನಡುವಣ 57 ಸುರಂಗಗಳ ಕತ್ತಲೆ. ವಿಮಾನದವರಿಗೋ, ಆಕಾಶದ ನೇರಗೆರೆಯಲ್ಲಿ ಸುಮಾರು 300 ಕಿಲೋಮೀಟರು. ಕೇವಲ ಒಂದು ಗಂಟೆಯ ಮಾತು! 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರ ಡಕೋಟಾ ವಿಮಾನವು ಬಜ್ಪೆಯ ಗುಡ್ಡದ ಮೇಲಿಳಿದಂದಿನಿಂದ ಕರಾವಳಿಯ ಜನಕ್ಕೆ ದೂರದ ಅಳತೆಯೇ ಬದಲಾಯಿತು.

ಕದ್ರಿಯ ವೃದ್ಧೆಯೊಬ್ಬರಿಗೆ ಇಬ್ಬರು ಮಕ್ಕಳು, ಇಬ್ಬರೂ ಬೆಂಗಳೂರಿನಲ್ಲಿ. ಹಿರಿಯವನದು ದೊಡ್ಡ ಸಂಬಳ, ವಿಮಾನದ ಪಯಣ. ಕಿರಿಯವನದು ಬಸ್ಸು. “ಒಂದು ಗಂಟೆಯ ದಾರಿ ತಾನೆ ಅಮ್ಮಾ, ಯಾವಾಗ ಬೇಕಾದರೂ ಬಂದೇನು” ಎನ್ನುತ್ತಿದ್ದ ಹಿರಿಯವನು ವರುಷಕ್ಕೊಮ್ಮೆ ಬರುತ್ತಿದ್ದನು. ರಾತ್ರಿಯಿಡೀ ಕುಲುಕಾಡಬೇಕಾದ ಕಿರಿಯವನು ತಿಂಗಳಿಗೊಮ್ಮೆ ಬರುತ್ತಿದ್ದನು. ಹತ್ತಿರವಿದ್ದುದೇ ದೂರವಾಗುವುದೆಂದರೆ ಇದೇ ಇರಬೇಕು.

ಒಂದು ಆಷಾಢದ ಮಧ್ಯಾಹ್ನ ತಾಯಿಗೆ ಎದೆನೋವೆಂದು ನೆರೆಮನೆಯವರಿಂದ ಸುದ್ದಿ ಬಂದಿತು. ಸಂಜೆಯ ವಿಮಾನದಲ್ಲಿ ಉಳಿದಿದ್ದುದು ಒಂದೇ ಆಸನ. ಅದನ್ನು ಹಿರಿಯವನು ಹಿಡಿದನು. ಕಿರಿಯವನು ಬಸ್ಸು ಹತ್ತಿದನು. ಜಯನಗರದಿಂದ ದೇವನಹಳ್ಳಿಗೆ ಎರಡು ಗಂಟೆ, ಅಲ್ಲಿನ ತಪಾಸಣೆ, ಕಾಯುವಿಕೆ ಎಂದು ಮತ್ತೆರಡು ಗಂಟೆ. ಒಂದು ಗಂಟೆಯ ದಾರಿಗೆ ಎಷ್ಟು ಬಾಲಗಳು! ಕೊನೆಗೂ ವಿಮಾನವು ಘಟ್ಟವನ್ನು ದಾಟಿತು. ಆದರೆ ಬಜ್ಪೆಯ ಗುಡ್ಡವು ಮಳೆಮೋಡದಲ್ಲಿ ಮುಳುಗಿತ್ತು. ಎರಡು ಕಡೆಯೂ ಕಣಿವೆಗಿಳಿಯುವ ಆ ಓಡುದಾರಿಯು ಕಣ್ಣಿಗೆ ಕಾಣದೆ ಇಳಿಯುವಂತಿಲ್ಲ. ಕೆಳಗೆ ಎಲ್ಲಿಯೋ ತಾಯಿ, ಮೇಲೆ ಮಗ. ನಡುವೆ ಒಂದೆರಡು ಕಿಲೋಮೀಟರಿನಷ್ಟು ಮೋಡ. ಅರ್ಧ ಗಂಟೆ ಸುತ್ತಿದ ವಿಮಾನವು ಬೆಂಗಳೂರಿಗೇ ಹಿಂತಿರುಗಿತು.

ಕಿರಿಯವನು ನಸುಕಿನಲ್ಲಿ ಆಸ್ಪತ್ರೆ ಸೇರಿದನು. ತಾಯಿ ಕಣ್ತೆರೆದು, “ಅಣ್ಣ ಬರಲಿಲ್ಲವಾ?” ಎಂದರು.

“ಬಂದಿದ್ದನಮ್ಮಾ. ನಿಮ್ಮ ತಲೆಯ ಮೇಲೆಯೇ ಇದ್ದನು. ಮೋಡ ಬಿಡಲಿಲ್ಲ.”

ಮಧ್ಯರಾತ್ರಿಯ ಕೊನೆಯ ಬಸ್ಸನ್ನು ಹಿಡಿದ ಹಿರಿಯವನು, ನೆನೆದ ಬಟ್ಟೆಯಲ್ಲಿ ಬಾಗಿಲಿಗೆ ಬಂದು ನಿಂತಾಗ ಗಂಟೆ ಎಂಟಾಗಿತ್ತು. ತಾಯಿ ಅವನ ತಣ್ಣನೆಯ ಕೈಯನ್ನು ಹಿಡಿದು, “ಮೋಡ ಬಿಟ್ಟಿತಾ ಮಗಾ?” ಎಂದರು. ಅವನಿಂದ ಉತ್ತರ ಹೊರಡಲಿಲ್ಲ.

ಆ ಸಲ ತಾಯಿ ಉಳಿದುಕೊಂಡರು. ಈಗ ಹಿರಿಯವನೂ ತಿಂಗಳಿಗೊಮ್ಮೆ ಬರುತ್ತಾನೆ; ಒಮ್ಮೆ ವಿಮಾನದಲ್ಲಿ, ಒಮ್ಮೆ ತಮ್ಮನ ಜೊತೆಗೆ ಬಸ್ಸಿನಲ್ಲಿ. ಬೆಂಗಳೂರು ಎಷ್ಟು ದೂರವೆಂದು ನೆರೆಯವರು ಕೇಳಿದರೆ ವೃದ್ಧೆ ಕಿಲೋಮೀಟರಿನ ಲೆಕ್ಕ ಹೇಳುವುದಿಲ್ಲ. “ಈ ಶನಿವಾರ ಬಂದಿದ್ದರು. ಇನ್ನು ನಾಲ್ಕು ಶನಿವಾರ” ಎನ್ನುತ್ತಾರೆ.