ಸವಾನಾದಲ್ಲಿ ದೆವ್ವಗಳ ಪಾಳಿ

ಕಬ್ಬಿಣದ ಸರಳುಗಳ ಆಚೆ ಕೊಲೋನಿಯಲ್ ಪಾರ್ಕ್ ಸ್ಮಶಾನ ಕತ್ತಲಲ್ಲಿ ಮುಳುಗಿದೆ. ಗೇಟಿಗೆ ಬೀಗ. ಈಚೆ ಫುಟ್‌ಪಾತಿನ ಮೇಲೆ ನಾವೊಂದಿಷ್ಟು ಜನ, ಅರ್ಧಕ್ಕರ್ಧ ಮಂದಿಯ ಕೈಯಲ್ಲಿ ಬಿಯರು. ಅಮೆರಿಕದ ಜಾರ್ಜಿಯಾದ ಸವಾನಾ ಊರಿನ ಹಳೇ ಪೇಟೆಯಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದು ಕುಡಿಯುತ್ತಾ ಬೀದಿ ಸುತ್ತಲು ಅಡ್ಡಿಯಿಲ್ಲ. ಗಾಳಿ ಆಡುತ್ತಿಲ್ಲ, ಅಂಗಿ ಬೆನ್ನಿಗೆ ಅಂಟಿದೆ. ಓಕ್ ಮರದ ಕೊಂಬೆಗಳಿಂದ ಸ್ಪ್ಯಾನಿಷ್ ಮಾಸ್ ಎಂಬ ಬೂದು ಸಸ್ಯ ಜಡೆಗಟ್ಟಿದ ಕೂದಲಿನಂತೆ ಇಳಿಬಿದ್ದಿದೆ. ದೆವ್ವದ ಸಿನಿಮಾ ತೆಗೆಯುವವರಿಗೆ ಇಲ್ಲಿ ಸೆಟ್ಟಿನ ಖರ್ಚು ಉಳಿತಾಯ.

ಗೈಡ್ ಹುಡುಗಿ ಉದ್ದನೆಯ ಕಪ್ಪು ಲಂಗ ತೊಟ್ಟು ಲಾಂದ್ರ ಹಿಡಿದಿದ್ದಾಳೆ. ಅದರೊಳಗೆ ಉರಿಯುತ್ತಿರುವುದು ಬ್ಯಾಟರಿ ಬಲ್ಬು. 1750ರಿಂದ 1853ರವರೆಗೆ ಊರಿನವರನ್ನು ಹೂಳುತ್ತಿದ್ದದ್ದು ಇಲ್ಲೇ. 1820ರ ಹಳದಿ ಜ್ವರಕ್ಕೆ ಬಲಿಯಾದ ಸುಮಾರು 700 ಮಂದಿ ಇಲ್ಲಿದ್ದಾರೆ. ಅವಳು ದನಿ ತಗ್ಗಿಸುವ ಹೊತ್ತಿಗೆ ಸರಿಯಾಗಿ, ಮಾಡು ಕತ್ತರಿಸಿ ತೆಗೆದ ಶವಗಾಡಿಯೊಂದು ಬರುತ್ತದೆ. ಹೆಣ ಮಲಗಿಸುತ್ತಿದ್ದ ಜಾಗದಲ್ಲಿ ಪ್ರವಾಸಿಗರು ಸಾಲಾಗಿ ಕೂತು ನಮಗೆ ಕೈ ಬೀಸುತ್ತಾರೆ. ಅದೂ ದೆವ್ವದ ಟೂರೇ, ನಡೆಯಲಾರದವರಿಗೆ.

ಈ ಸ್ಮಶಾನದ ಒಂದು ಕಲ್ಲಿನ ಲೆಕ್ಕದಲ್ಲಿ ಸತ್ತಾಗ ಅಪ್ಪನ ವಯಸ್ಸು 11, ಮಗನದು 12. ಅಂತರ್ಯುದ್ಧದ ಕಾಲ, 1864ರ ಡಿಸೆಂಬರಿನಲ್ಲಿ ಊರು ವಶಪಡಿಸಿಕೊಂಡ ಉತ್ತರದ ಸೈನ್ಯದ ಜನರಲ್ ಶೆರ್ಮನ್‌ನ ಸೈನಿಕರು ಇಲ್ಲಿ ಬಿಡಾರ ಹೂಡಿದ್ದಾಗ ಅಂಕಿಗಳನ್ನು ಕೆತ್ತಿ ತಿದ್ದಿದರಂತೆ. ಗೈಡ್ ಹೇಳಿದ ಎಲ್ಲ ಪ್ರೇತಗಳಿಗಿಂತ ನನಗೆ ಆ ಸೈನಿಕನೇ ಹೆಚ್ಚು ಕಣ್ಣಿಗೆ ಕಟ್ಟುತ್ತಾನೆ: ಯುದ್ಧ ಮುಗಿದಿಲ್ಲ, ಊರಿಗೆ ಹೋಗುವಂತಿಲ್ಲ, ಕೈಯಲ್ಲೊಂದು ಮೊನಚು ಉಕ್ಕು, ಎದುರಿಗೆ ಯಾರದೋ ಅಪ್ಪ.

ನಡೆಯುತ್ತೇವೆ. ಕೆಲವು ಮನೆಗಳ ಜಗಲಿಯ ಮೇಲ್ಛಾವಣಿಗೆ ತಿಳಿನೀಲಿ ಬಣ್ಣ. ಈ ಕರಾವಳಿಯ ಗಲ್ಲಾ ಗೀಚಿ ಜನ, ಅಂದರೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ, ನಂಬುವ ಪ್ರಕಾರ ಪ್ರೇತಗಳು ನೀರು ದಾಟಲಾರವು. ನೀಲಿಯನ್ನು ನೀರೆಂದುಕೊಂಡು ಹಿಂದಿರುಗುತ್ತವೆ. ಓವೆನ್ಸ್–ಥಾಮಸ್ ಬಂಗಲೆಯ ಹಿತ್ತಲಿನ ಗುಲಾಮರ ಕೋಣೆಗಳಲ್ಲಿ ಆ ನೀಲಿ ಇಂದಿಗೂ ಉಳಿದಿದೆ. ಅದರ ಬಗ್ಗೆ ಇನ್ನೊಂದಿಷ್ಟು ಕೇಳಬೇಕೆನ್ನುವಷ್ಟರಲ್ಲಿ ಲಾಂದ್ರ ಮುಂದೆ ಹೋಗಿಬಿಟ್ಟಿದೆ.

ಮ್ಯಾಡಿಸನ್ ಚೌಕದ ಸೋರೆಲ್–ವೀಡ್ ಬಂಗಲೆಯ ಮುಂದೆ ಎಲ್ಲರ ಕೈಗೂ ರಿಮೋಟಿನ ಗಾತ್ರದ ಒಂದೊಂದು ಯಂತ್ರ ಬರುತ್ತದೆ. ಐದು ದೀಪ, ಹಸಿರಿನಿಂದ ಕೆಂಪಿನವರೆಗೆ. ಪ್ರೇತ ಸುಳಿದರೆ ಕೆಂಪು ಹತ್ತುತ್ತದಂತೆ. ನನ್ನದು ಹತ್ತಿಯೇ ಬಿಟ್ಟಿತು, ಪಕ್ಕದವರು ಉಸಿರು ಬಿಗಿಹಿಡಿದರು. ಜೇಬಿನಲ್ಲಿ ಮೊಬೈಲ್ ಗುಂಯ್‌ಗುಡುತ್ತಿತ್ತು. ಯಂತ್ರ ಅಳೆಯುವುದು ವಿದ್ಯುತ್ಕಾಂತ ಕ್ಷೇತ್ರವನ್ನು. ಗೋಡೆಯೊಳಗಿನ ತಂತಿಗೂ ಅದು ಅಷ್ಟೇ ಭಕ್ತಿಯಿಂದ ಮಿನುಗುತ್ತದೆ.

ಕಥೆ ಹೀಗೆ: ವ್ಯಾಪಾರಿ ಫ್ರಾನ್ಸಿಸ್ ಸೋರೆಲ್‌ಗೂ ಮನೆಯ ಗುಲಾಮ ಹುಡುಗಿ ಮೋಲಿಗೂ ಸಂಬಂಧ, ಹೆಂಡತಿ ಮಟಿಲ್ಡಾಗೆ ಗೊತ್ತಾಗುತ್ತದೆ, ಆಕೆ ಮೇಲಿಂದ ಹಾರುತ್ತಾಳೆ, ಕೆಲ ದಿನಗಳಲ್ಲೇ ಗಾಡಿಖಾನೆಯಲ್ಲಿ ಮೋಲಿಯ ಹೆಣ ನೇತಾಡುತ್ತಿರುತ್ತದೆ. ಗೈಡ್ ಇದನ್ನು "ಪ್ರೇಮ" ಎನ್ನುತ್ತಾಳೆ. ಒಡೆಯ ಕರೆದರೆ ಒಲ್ಲೆನೆನ್ನಲಾಗದವಳ ಪಾಡನ್ನು ಪ್ರೇಮವೆನ್ನುವುದಕ್ಕೆ ಎಂಥ ನಾಲಿಗೆ ಬೇಕು! 1860ರಲ್ಲಿ ಮಟಿಲ್ಡಾ ಬಿದ್ದು ಸತ್ತದ್ದು ನಿಜ. ಮೋಲಿಯ ಕುರಿತು ದಾಖಲೆಯೇ ಇಲ್ಲ. ಇಲ್ಲೇ ಟೂರಿಗೆ ಬಂದು ಆಕೆಯ ಕಥೆ ಕೇಳಿದ ಇತಿಹಾಸಕಾರ್ತಿ ಟಾಯಾ ಮೈಲ್ಸ್ ಹುಡುಕಿದರು, ಸಿಗಲಿಲ್ಲ. 2015ರಲ್ಲಿ ಈ ದೆವ್ವದ ವ್ಯಾಪಾರದ ಬಗ್ಗೆಯೇ ಪುಸ್ತಕ ಬರೆದರು.

ದಾಖಲೆ ಇರುವವರೂ ಇದ್ದಾರೆ. 1859ರ ಮಾರ್ಚ್ 2 ಮತ್ತು 3ರಂದು, ಸುರಿಯುವ ಮಳೆಯಲ್ಲಿ, ಊರಾಚೆಯ ಕುದುರೆ ರೇಸಿನ ಮೈದಾನದಲ್ಲಿ ಪಿಯರ್ಸ್ ಬಟ್ಲರ್ ಎಂಬ ಜಮೀನ್ದಾರನ ಸಾಲ ತೀರಿಸಲು ಗುಲಾಮರ ಹರಾಜು ನಡೆಯಿತು. ಪಟ್ಟಿಯಲ್ಲಿ 436 ಮಂದಿ: ಹೆಸರು, ವಯಸ್ಸು, ಗದ್ದೆಯ ಕೆಲಸವೋ ಹತ್ತಿಯದೋ, ಎಲ್ಲ ಅಚ್ಚಾಗಿದೆ. ನಮ್ಮ ಟೂರಿನ ದಾರಿ ಅತ್ತ ಹೋಗುವುದಿಲ್ಲ. ಇಲ್ಲದ ಮೋಲಿಗೆ ರಾತ್ರಿಪಾಳಿ. ಇದ್ದವರಿಗೆ ಟಿಕೆಟ್ಟೇ ಇಲ್ಲ.

ಕೊನೆಯ ನಿಲುಗಡೆ ಇನ್ನೊಂದು ಚೌಕ. ಎದುರಿನ ಹಳೇ ಮನೆಯ ಕಿಟಕಿಯಲ್ಲಿ ಮಗುವಿನ ಮುಖ ಕಾಣುತ್ತದಂತೆ, ಮೊಬೈಲ್‌ಗಳೆಲ್ಲ ಮೇಲೆದ್ದಿವೆ. ಗುಲಾಮರನ್ನು ಹೂತ ಜಾಗ ಇರುವುದು ಈ ಚೌಕದಲ್ಲಿ, ನಮ್ಮ ಬೂಟುಗಳ ಕೆಳಗೆ. ಗುಲಾಮಗಿರಿಯ ಕಟ್ಟಾ ಸಮರ್ಥಕ ಜಾನ್ ಕ್ಯಾಲ್ಹೂನ್ ಹೆಸರಿತ್ತು ಇದಕ್ಕೆ. ಊರಿನವರು ಬೆನ್ನುಬಿಡದೆ ಕೇಳಿ ಅದನ್ನು ತೆಗೆಸಿದರು. 2023ರಲ್ಲಿ ಸೂಸಿ ಕಿಂಗ್ ಟೇಲರ್ ಚೌಕವಾಯಿತು. ಗುಲಾಮಳಾಗಿ ಹುಟ್ಟಿ, ಇದೇ ಊರಿನ ಗುಟ್ಟಿನ ಶಾಲೆಯಲ್ಲಿ ಅಕ್ಷರ ಕಲಿತು, ಅಂತರ್ಯುದ್ಧದ ಕಾಲದಲ್ಲಿ ಬಿಡುಗಡೆಯಾದವರಿಗೆ ಪಾಠ ಹೇಳಿದವರು ಆಕೆ.

ಗುಂಪಿನಲ್ಲಿದ್ದ ಹುಡುಗನೊಬ್ಬ ಹೆಸರು ಓದಿ ಗೈಡ್‌ನ ಲಂಗ ಜಗ್ಗುತ್ತಾನೆ: "ಸೂಸಿನೂ ದೆವ್ವನಾ?"

"ಇಲ್ಲ ಪುಟ್ಟ, ಅವರು ಟೀಚರು," ಎನ್ನುತ್ತಾಳೆ ಅವಳು, ಲಾಂದ್ರದ ಸ್ವಿಚ್ ಆರಿಸಿ ಟಿಪ್ಸ್ ಡಬ್ಬಿ ಹೊರತೆಗೆಯುತ್ತಾ.