ಕೇಳಿ ಕೊಡುವ ಕೈ



ಕಳೆದ ತಪಸ್ಸುಕಾಲದ ಕೊನೆಯ ವಾರದಲ್ಲಿ ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯ ಸಭೆ ಸೇರಿತ್ತು. ಬಡವರಿಗಾಗಿ ಸಂಗ್ರಹವಾದ ಕಾಣಿಕೆಯನ್ನು ಹೇಗೆ ಹಂಚಬೇಕೆಂಬುದು ಚರ್ಚೆಯ ವಿಷಯ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ನಮ್ಮದೇ ಊರಿನ ಯುವತಿಯೊಬ್ಬಳು ಒಂದು ಕೋರಿಕೆಯನ್ನಿಟ್ಟಳು. ಹಣವನ್ನು ಹಂಚುವ ಮೊದಲು ಸುತ್ತಲಿನ ನಾಲ್ಕು ಹಳ್ಳಿಗಳ ಮನೆಮನೆಗೂ ಹೋಗಿ, ಯಾರ ದುಡಿಮೆ ಯಾವ ತಿಂಗಳಲ್ಲಿ ನಿಲ್ಲುತ್ತದೆ, ಸಾಲ ಎಲ್ಲಿಂದ ಬರುತ್ತದೆ ಎಂಬುದನ್ನು ವಿಚಾರಿಸಿ ಬರೆದುಕೊಳ್ಳಬೇಕು, ಅದಕ್ಕಾಗಿ ಆ ಹಣದ ಒಂದು ಪಾಲನ್ನು ಕೊಡಬೇಕು ಎಂಬುದೇ ಆ ಕೋರಿಕೆ. ಸಮಿತಿಯ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. "ಹಸಿದವನ ಅನ್ನದ ದುಡ್ಡನ್ನು ಕಾಗದಕ್ಕೆ ಸುರಿಯುವುದು ನ್ಯಾಯವೇ ಫಾದರ್? ಬಡತನವನ್ನು ನೋಡಲು ಕಣ್ಣು ಸಾಲದೇ, ಸಂಶೋಧನೆಯೂ ಬೇಕೇ?" ಎಂದು ಅವರು ನನ್ನನ್ನೇ ನೋಡಿ ಕೇಳಿದರು.

ಆ ಪ್ರಶ್ನೆಗೆ ಅಂದು ನಾನು ತಕ್ಷಣ ಉತ್ತರಿಸಲಿಲ್ಲ. ಹಿರಿಯರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಬರೀ ಕಣ್ಣಿನಿಂದ ಬಡತನವನ್ನು ನೋಡಿ ಎಡವಿದವನು ನಾನೇ ಆಗಿದ್ದೆ. ಆ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ.

ಗುರುದೀಕ್ಷೆ ಪಡೆದ ಕೆಲವೇ ವರ್ಷಗಳಲ್ಲಿ ನನ್ನನ್ನು ರಾಯಚೂರು ಸೀಮೆಯ ಒಂದು ಹಳ್ಳಿಗೆ ಕಳುಹಿಸಲಾಗಿತ್ತು. ಅದು 2003ರ ಬರಗಾಲ. ದೂರದ ಹಿತೈಷಿಗಳು ಕಳುಹಿಸಿದ ಹಣದಿಂದ ನಾನು ಇಪ್ಪತ್ತೈದು ಹೊಲಿಗೆ ಯಂತ್ರಗಳನ್ನು ಕೊಂಡು ಬಡ ತಾಯಂದಿರಿಗೆ ಹಂಚಿದೆ. ಹಾರ ತುರಾಯಿಗಳಾದವು, ಭಾವಚಿತ್ರ ತೆಗೆದು ದಾನಿಗಳಿಗೆ ಕಳುಹಿಸಿದ್ದೂ ಆಯಿತು. ದೀಪಾವಳಿ ಕಳೆದು ನಾನು ಮನೆಗಳನ್ನು ಸಂದರ್ಶಿಸಲು ಹೊರಟಾಗ ಹೆಚ್ಚಿನ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಊರಿಗೆ ಊರೇ ಗುಳೆ ಹೋಗಿತ್ತು. ಯಂತ್ರಗಳು ಒಳಗೆ ಧೂಳು ತಿನ್ನುತ್ತಿದ್ದವು. ಎರಡು ಯಂತ್ರಗಳನ್ನು ಬಸ್ಸಿನ ಖರ್ಚಿಗೆಂದು ಒತ್ತೆಯಿಟ್ಟಿದ್ದರು. ಹೊರಡಲು ಗಂಟು ಕಟ್ಟುತ್ತಿದ್ದ ಒಬ್ಬ ತಾಯಿ ನನ್ನ ಮುಖ ನೋಡಿ, "ಮೊದಲs ಒಂದು ಮಾತು ಕೇಳಿದ್ರ ಹೇಳ್ತಿದ್ವಿ ಫಾದರ್ರೀ, ನಮಗ ಬೇಕಾಗಿದ್ದು ಮಿಷನ್ನಲ್ಲ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಆ ಮಾತು ಇಂದಿಗೂ ನನ್ನಲ್ಲಿ ಉಳಿದಿದೆ.

ಅನೇಕ ವರ್ಷಗಳ ತರುವಾಯ ಬಾಂಗ್ಲಾದೇಶದ ಒಂದು ಅಧ್ಯಯನದ ಕುರಿತು ಓದಿದಾಗ ಆ ತಾಯಿಯ ಮಾತಿನ ಅರ್ಥ ನನಗೆ ಪೂರ್ಣವಾಗಿ ತಿಳಿಯಿತು. ಆ ದೇಶದ ಉತ್ತರದಲ್ಲಿ ರಂಗಪುರವೆಂಬ ಪ್ರದೇಶವಿದೆ. ಅಲ್ಲಿ ಭತ್ತದ ನಾಟಿ ಮುಗಿದು ಕೊಯ್ಲು ಆರಂಭವಾಗುವವರೆಗಿನ ತಿಂಗಳುಗಳಲ್ಲಿ ಕೂಲಿಕಾರರಿಗೆ ಕೆಲಸವಿರುವುದಿಲ್ಲ, ಅಕ್ಕಿಯ ಬೆಲೆಯೋ ಏರುತ್ತದೆ. ಪ್ರತಿ ವರ್ಷ ಮರಳಿ ಬರುವ ಈ ಹಸಿವಿನ ಕಾಲವನ್ನು ಆ ಜನರು 'ಮೊಂಗಾ' ಎಂದು ಕರೆಯುತ್ತಾರೆ. ಅದೇ ವೇಳೆಯಲ್ಲಿ ಢಾಕಾದಂತಹ ನಗರಗಳಲ್ಲಿ ಕೂಲಿ ಕೆಲಸ ದೊರೆಯುತ್ತದೆ. ಹಾಗಾದರೆ ಹಸಿದವರು ಅಲ್ಲಿಗೆ ಹೋಗುವುದಿಲ್ಲವೇಕೆ? ಸೋಮಾರಿತನವೇ? ಅಜ್ಞಾನವೇ?

2008ರಲ್ಲಿ ಘರಾದ್ ಬ್ರಯಾನ್, ಶ್ಯಾಮಲ್ ಚೌಧುರಿ ಮತ್ತು ಮುಷ್ಫಿಕ್ ಮೊಬಾರಕ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ 100 ಹಳ್ಳಿಗಳ ಸುಮಾರು 1,900 ಕುಟುಂಬಗಳಲ್ಲಿ ಇದನ್ನು ಪರೀಕ್ಷಿಸಿದರು. ಹಳ್ಳಿಗಳನ್ನು ಚೀಟಿ ಎತ್ತುವ ರೀತಿಯಲ್ಲಿ ಗುಂಪುಗಳಾಗಿ ವಿಂಗಡಿಸಲಾಯಿತು. ಕೆಲವರಿಗೆ ಏನನ್ನೂ ಕೊಡಲಿಲ್ಲ. ಕೆಲವರಿಗೆ ನಗರದಲ್ಲಿ ಕೆಲಸವಿದೆಯೆಂಬ ಮಾಹಿತಿಯನ್ನಷ್ಟೇ ಕೊಟ್ಟರು. ಇನ್ನುಳಿದವರಿಗೆ ಬಸ್ಸಿನ ಖರ್ಚಿಗೆಂದು 600 ಟಾಕಾ, ಅಲ್ಲಿಗೆ ತಲುಪಿ ವರದಿ ಮಾಡಿದರೆ ಮತ್ತೆ 200 ಟಾಕಾ ಒದಗಿಸಿದರು. ಇದು ಕೆಲವರಿಗೆ ಸಹಾಯಧನವಾಗಿಯೂ ಕೆಲವರಿಗೆ ಸಾಲವಾಗಿಯೂ ದೊರೆಯಿತು. ಏನೂ ದೊರೆಯದ ಹಳ್ಳಿಗಳಲ್ಲಿ ನೂರಕ್ಕೆ ಸುಮಾರು 36 ಮನೆಗಳಿಂದ ಯಾರಾದರೊಬ್ಬರು ದುಡಿಯಲು ಹೋದರು. ಮಾಹಿತಿಯನ್ನು ಮಾತ್ರ ಪಡೆದವರಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಬಸ್ಸಿನ ಖರ್ಚು ಪಡೆದವರಲ್ಲಿ ಆ ಸಂಖ್ಯೆ ಸುಮಾರು 58ಕ್ಕೆ ಏರಿತು. ಅವರ ಮನೆಗಳಲ್ಲಿ ಊಟ ಹೆಚ್ಚಿತು. ಮರುವರ್ಷ ಯಾವ ನೆರವೂ ಇಲ್ಲದಿದ್ದಾಗಲೂ ಅವರಲ್ಲಿ ಹೆಚ್ಚು ಮಂದಿ ತಾವಾಗಿಯೇ ಹೊರಟರು.

ಅಂದರೆ ತಡೆಯಾಗಿದ್ದುದು ಸೋಮಾರಿತನವೂ ಅಲ್ಲ, ಅಜ್ಞಾನವೂ ಅಲ್ಲ, ಭಯ. ಕೈಯಲ್ಲಿರುವ ಕೊನೆಯ ಹಣವನ್ನು ಬಸ್ಸಿಗೆ ತೆತ್ತು ಹೋಗಿ, ಅಲ್ಲಿ ಕೆಲಸ ಸಿಗದಿದ್ದರೆ ಮನೆಮಂದಿ ಉಪವಾಸ ಬೀಳಬೇಕೆಂಬ ಭಯ. ಉಳ್ಳವನು ಸೋತರೆ ನಷ್ಟ, ಇಲ್ಲದವನು ಸೋತರೆ ಸರ್ವನಾಶ. ಒಂದು ದೇಶದ ಆರ್ಥಿಕ ಬೆಳವಣಿಗೆಯೆಂದರೆ ಬಹುಮಟ್ಟಿಗೆ ಜನರ ದುಡಿಮೆಯು ಕಡಿಮೆ ಫಲವಿರುವಲ್ಲಿಂದ ಹೆಚ್ಚು ಫಲವಿರುವಲ್ಲಿಗೆ ಸಾಗುವುದೇ ಆಗಿದೆ. ಆ ದಾರಿಯಲ್ಲಿ ಎಷ್ಟು ಚಿಕ್ಕ ಕಲ್ಲು ಅಡ್ಡವಾಗಿರಬಹುದೆಂಬುದನ್ನು ಕೇಳಿ, ಎಣಿಸಿ ನೋಡಿದ ಮೇಲೆಯೇ ತಿಳಿಯಿತು.

ಇಲ್ಲಿಗೇ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಈ ಫಲಿತಾಂಶವನ್ನು ನಂಬಿ ಒಂದು ಸೇವಾಸಂಸ್ಥೆ ಇದೇ ಯೋಜನೆಯನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. 2017ರಲ್ಲಿ ಅದನ್ನು ಮತ್ತೆ ಪರೀಕ್ಷಿಸಿದಾಗ ನಿರೀಕ್ಷಿಸಿದ ಪರಿಣಾಮ ಕಾಣಲಿಲ್ಲ. ಸಂಸ್ಥೆಯು ಅದನ್ನು ಮುಚ್ಚಿಡದೆ ತಾನೇ ಪ್ರಕಟಿಸಿ, 2019ರಲ್ಲಿ ಯೋಜನೆಯನ್ನು ನಿಲ್ಲಿಸಿತು. ನೂರು ಹಳ್ಳಿಗಳಲ್ಲಿ ಫಲಿಸಿದ್ದು ಸಾವಿರಾರು ಹಳ್ಳಿಗಳಲ್ಲಿ ಫಲಿಸಲೇಬೇಕೆಂದಿಲ್ಲ. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಬೀಗ ಬಿದ್ದ ಬಾಗಿಲುಗಳ ಕುರಿತು ನಾನು ದಾನಿಗಳಿಗೆ ಒಂದು ಸಾಲನ್ನೂ ಬರೆದಿರಲಿಲ್ಲ.

ನಮ್ಮ ನಾಡಿನಲ್ಲಿಯೂ ಇಂತಹ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ರಾಜ್ಯ ಸರ್ಕಾರವು 2000ದಲ್ಲಿ ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ನೇತೃತ್ವದಲ್ಲಿ ಒಂದು ಸಮಿತಿಯನ್ನು ನೇಮಿಸಿತು. 2002ರಲ್ಲಿ ಸಲ್ಲಿಕೆಯಾದ ಅದರ ವರದಿಯು ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 26 ಉತ್ತರ ಕರ್ನಾಟಕದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳನ್ನು ವಿನಿಯೋಗಿಸಬೇಕೆಂದು ಅದು ಶಿಫಾರಸು ಮಾಡಿತು. ಆ ವರದಿಯು ನನ್ನ ಹೊಲಿಗೆ ಯಂತ್ರಗಳ ಕುರಿತು ಏನನ್ನೂ ಹೇಳುತ್ತಿರಲಿಲ್ಲ, ನಿಜ. ಆದರೆ ನಾನು ಸೇವೆ ಸಲ್ಲಿಸುತ್ತಿದ್ದ ನೆಲದ ಕುರಿತು ಹೀಗೊಂದು ವರದಿಯಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ವರದಿ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲವೆಂಬುದೂ ಅಷ್ಟೇ ಸತ್ಯ. ಇಂದಿಗೂ ಆ ಸೀಮೆಯ ಜನ ಗುಳೆ ಹೋಗುತ್ತಿದ್ದಾರೆ. ಆದರೂ ಎಲ್ಲಿ ಕೊರತೆಯಿದೆಯೆಂದು ಅಂಕಿಗಳಲ್ಲಿ ಬರೆದಿಟ್ಟ ಮೇಲೆ, ಕೇಳುವ ಜನರಿಗೆ ಅದೊಂದು ಆಧಾರವಾಗುತ್ತದೆ.

ಇಂತಹ ಅಧ್ಯಯನಗಳಿಗೆ ಹಣ ಕೊಡುವವರು ಯಾರು? ಅವುಗಳಿಂದ ಯಾರಿಗೂ ಲಾಭ ಬರುವುದಿಲ್ಲ, ಆದ್ದರಿಂದ ವ್ಯಾಪಾರಿಗಳು ಕೊಡುವುದು ಅಪರೂಪ. ಸರ್ಕಾರಗಳೂ ಉದಾರ ಸಂಸ್ಥೆಗಳೂ ಕೊಡಬೇಕು. ಬಡ ದೇಶಗಳ ಬೆಳವಣಿಗೆಯ ಪ್ರಶ್ನೆಗಳನ್ನು ಆಯಾ ಸರ್ಕಾರಗಳೊಡನೆ ಕೂಡಿ ಅಧ್ಯಯನ ಮಾಡಲು 2008ರಲ್ಲಿ ಬ್ರಿಟಿಷ್ ಸರ್ಕಾರದ ನೆರವಿನಿಂದ ಲಂಡನ್ನಿನಲ್ಲಿ 'ಇಂಟರ್‌ನ್ಯಾಷನಲ್ ಗ್ರೋತ್ ಸೆಂಟರ್' ಆರಂಭವಾಯಿತು. ಆದರೆ ನೆರವಿನ ಕೈ ಈಗ ಹಿಂದೆ ಸರಿಯುತ್ತಿದೆ. ರಾಷ್ಟ್ರೀಯ ಆದಾಯದ ಶೇಕಡಾ 0.7ರಷ್ಟಿದ್ದ ವಿದೇಶಿ ನೆರವನ್ನು ಬ್ರಿಟನ್ 2021ರಲ್ಲಿ 0.5ಕ್ಕೆ ಇಳಿಸಿತು, 2027ಕ್ಕೆ 0.3ಕ್ಕೆ ಇಳಿಸುವುದಾಗಿ 2025ರಲ್ಲಿ ಘೋಷಿಸಿತು. 1984ರಿಂದ ಅಮೆರಿಕದ ಹಣದಿಂದ 90ಕ್ಕೂ ಹೆಚ್ಚು ದೇಶಗಳಲ್ಲಿ ತಾಯಿಮಕ್ಕಳ ಆರೋಗ್ಯ, ಪೌಷ್ಟಿಕತೆಗಳನ್ನು ಅಳೆಯುತ್ತಿದ್ದ ಮನೆಮನೆ ಸಮೀಕ್ಷೆಗಳ ಕಾರ್ಯಕ್ರಮವನ್ನು ಅಮೆರಿಕ ಸರ್ಕಾರ 2025ರ ಆರಂಭದಲ್ಲಿ ನಿಲ್ಲಿಸಿತು. ಅನ್ನದ ನೆರವು ನಿಂತರೆ ಕೂಗು ಕೇಳಿಸುತ್ತದೆ. ಎಣಿಕೆ ನಿಂತರೆ ಯಾರಿಗೂ ಕೇಳಿಸುವುದಿಲ್ಲ, ಎಣಿಕೆಗೆ ಸಿಗದ ಮಗುವಿನ ಹಸಿವು ಯಾವ ಕಡತದಲ್ಲಿಯೂ ಇರುವುದಿಲ್ಲ.

ಹಿರಿಯರಿಗೆ ನಾನು ಈ ಅಂಕಿಗಳನ್ನೆಲ್ಲ ಹೇಳಲಿಲ್ಲ. ಹೊಲಿಗೆ ಯಂತ್ರಗಳ ಕಥೆಯನ್ನು ಮಾತ್ರ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಮೊದಲು ಇಂದು ಹಸಿದವರಿಗೆ ಅಕ್ಕಿ ತಲುಪಲಿ ಫಾದರ್, ಆಮೇಲೆ ಹುಡುಗಿ ವಿಚಾರಿಸಲಿ" ಎಂದರು. ಅದೇ ನಿರ್ಧಾರವಾಯಿತು. ಕಾಣಿಕೆಯ ಹತ್ತರಲ್ಲೊಂದು ಪಾಲನ್ನು ಅವಳ ಕೆಲಸಕ್ಕೆ ಮೀಸಲಿಟ್ಟೆವು. ಅವಳು ಬರೆದು ತರುವುದು ನಮಗೆ ಇಷ್ಟವಾಗದಿದ್ದರೂ ಅದನ್ನು ಸಭೆಯ ಮುಂದೆ ಪೂರ್ತಿಯಾಗಿ ಓದಬೇಕೆಂಬುದು ನಾನು ಹಾಕಿದ ಒಂದೇ ನಿಬಂಧನೆ.

ಓದುಗರೇ, ನಿಮ್ಮ ಊರಿನಲ್ಲಿಯೂ ಇಂತಹ ಕಾಣಿಕೆಗಳು ಸಂಗ್ರಹವಾಗುತ್ತವೆ. ಕೊಡುವ ಮನಸ್ಸು ನಮ್ಮವರಿಗೆ ಎಂದೂ ಕಡಿಮೆಯಿಲ್ಲ. ಆದರೆ ಕೊಡುವ ಮುನ್ನ ಪಡೆಯುವವರ ಬಾಗಿಲಿಗೆ ಹೋಗಿ ಒಂದು ಮಾತು ಕೇಳೋಣ. ಕೊಟ್ಟು ಒಂದು ವರ್ಷ ಕಳೆದ ಮೇಲೆ, ಅದೇ ಬಾಗಿಲಿಗೆ ಮತ್ತೊಮ್ಮೆ ಹೋಗಿ ನೋಡಿ ಬರೋಣ.