ಒಂದೇ ಚಿಪ್ ಕೊಂಡವರ ಸಂದೇಹ



ಹಳೆಯ ರೇಡಿಯೋ ಬಿಚ್ಚಿ, ಸೋಲ್ಡರಿಂಗ್ ಐರನ್ ಹಿಡಿದು ಮೂಲೆಯಲ್ಲಿ ಕುಳಿತುಕೊಳ್ಳುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಬಿಡಿಭಾಗಗಳು ಈಗ ಕೊರಿಯರಿನಲ್ಲೇ ಬರುತ್ತವೆ. ಆದರೆ ಸಂದೇಹ ಬಂದರೆ ಕೇಳುವುದು ಯಾರಲ್ಲಿ? ಅಂಗಡಿಯವರಿಗೆ ಬೆಲೆ ಗೊತ್ತು, ಮಾಸ್ಟ್ರಿಗೆ ಪಾಠ ಗೊತ್ತು. ಚಿಪ್ಪಿನ ಒಳಗುಟ್ಟು ಗೊತ್ತಿರುವುದು ಅದನ್ನು ತಯಾರಿಸಿದವರಿಗೆ ಮಾತ್ರ.

1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬಾಲಕನೊಬ್ಬನಿಗೆ ಫ್ರೀಕ್ವೆನ್ಸಿ ಕೌಂಟರ್ ಎಂಬ ಉಪಕರಣ ಮಾಡಲು ಬಿಡಿಭಾಗಗಳು ಬೇಕಾಗಿದ್ದವು. ವಯಸ್ಸು 12 ಇಲ್ಲವೇ 13. ಟೆಲಿಫೋನ್ ಡೈರೆಕ್ಟರಿ ನೋಡಿ ನೇರವಾಗಿ ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಯ ಬಿಲ್ ಹ್ಯೂಲೆಟ್ ಅವರ ಮನೆಗೇ ಫೋನ್ ಮಾಡಿದ! ಅವರು ನಕ್ಕರು, ಬಿಡಿಭಾಗ ಕೊಟ್ಟರು, ಬೇಸಿಗೆ ರಜೆಯಲ್ಲಿ ಕಾರ್ಖಾನೆಯಲ್ಲೇ ಕೆಲಸವನ್ನೂ ಕೊಟ್ಟರು. ಆ ಬಾಲಕನೇ ಮುಂದೆ ಆಪಲ್ ಕಂಪೆನಿ ಕಟ್ಟಿದ ಸ್ಟೀವ್ ಜಾಬ್ಸ್.

ಇಂದು ಹಾಗೆ ಫೋನ್ ಮಾಡಿ ನೋಡಿ!

ಕಳೆದ ಬೇಸಿಗೆಯಲ್ಲಿ ಊರಿನ ಇಬ್ಬರು ಐಟಿಐ ಹುಡುಗರೊಡನೆ ನಾವೂ ಇಂಥದೊಂದು ಕೆಲಸಕ್ಕೆ ಕೈ ಹಾಕಿದೆವು. ಇಲ್ಲಿ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಪಂಪು ಕೆಳಗೆ, ಟ್ಯಾಂಕ್ ಗುಡ್ಡದ ಮೇಲೆ. ನೀರು ತುಂಬಿತೇ ಎಂದು ನೋಡಲು ವಯಸ್ಸಾದ ತಾಯಿಯೊಬ್ಬರು ದಿನಕ್ಕೆ ನಾಲ್ಕು ಬಾರಿ, ಮೊಣಕಾಲು ಹಿಡಿದುಕೊಂಡು ಗುಡ್ಡ ಹತ್ತುತ್ತಿದ್ದರು. ನೀರಿನ ಮಟ್ಟ ಅಳೆಯುವ ಪುಟ್ಟ ಸೆನ್ಸರ್ ಸಿಕ್ಕಿತು. ಅದರ ಸಂಕೇತ 60 ಮೀಟರ್ ತಂತಿಯಲ್ಲಿ ಕೆಳಗಿನ ಮನೆಗೆ ಮುಟ್ಟೀತೇ? ವಿವರಪತ್ರದಲ್ಲಿ ಆ ಮಾತೇ ಇರಲಿಲ್ಲ.

ತಯಾರಕರಿಗೆ ಬರೆದೆವು. ಮೊದಲು ಅರ್ಜಿ ನಮೂನೆ: ಕಂಪೆನಿಯ ಹೆಸರು, ಹುದ್ದೆ, ವರ್ಷಕ್ಕೆ ಎಷ್ಟು ಬೇಕು? ‘1’ ಎಂದು ತುಂಬಿದೆವು. ವಾರದ ನಂತರ ಉತ್ತರ: ವಿತರಕರನ್ನು ಸಂಪರ್ಕಿಸಿ. ವಿತರಕರೆಂದರು: 3000ದ ರೀಲ್ ತೆಗೆದುಕೊಂಡರೆ ಮಾತಾಡೋಣ. ನಮ್ಮ ಪಂಚಾಯತಿನ ಟ್ಯಾಂಕುಗಳನ್ನೆಲ್ಲ ಎಣಿಸಿದರೂ ಅಷ್ಟಾಗಲಿಕ್ಕಿಲ್ಲ!

ಅವರದೂ ಒಂದು ಲೆಕ್ಕ ಇದೆಯೆನ್ನಿ. ಕೆಲವು ರೂಪಾಯಿಯ ಚಿಪ್ಪಿಗಾಗಿ ಇಂಜಿನಿಯರ್ ಒಂದು ಗಂಟೆ ಕಳೆದರೆ ನಷ್ಟವೇ. ಆದರೂ ನಮೂನೆಯಲ್ಲಿ ‘ಕಲಿಯುವವರು’ ಎಂಬ ಒಂದು ಕಾಲಂ ಇದ್ದಿದ್ದರೆ ಏನು ಕಳೆದುಹೋಗುತ್ತಿತ್ತು? ಇಂದು ಒಂದನ್ನು ಕೊಳ್ಳುವ ಹುಡುಗನೇ ನಾಳೆ ಯಾವುದೋ ಕಾರ್ಖಾನೆಯಲ್ಲಿ ಕುಳಿತು ಸಾವಿರಗಟ್ಟಲೆ ಚಿಪ್ ಆರಿಸುವವನು.

ತಂತಿಯ ಮೇಲೆ ಸಂಕೇತ ಕಳುಹಿಸುವ ಚಿಪ್ ಮಾಡುವ ಇನ್ನೊಂದು ಕಂಪೆನಿಗೆ ಬರೆದೆವು. ಈ ಸಲ ಕೈಯಲ್ಲಿ ಬಿಡಿಸಿದ ನಕ್ಷೆ, ತಂತಿಯ ಉದ್ದ, ವೋಲ್ಟೇಜ್ ಎಲ್ಲವೂ ಜೊತೆಗಿದ್ದವು. ಮರುದಿನವೇ ಇಂಜಿನಿಯರ್ ಒಬ್ಬರ ಉತ್ತರ! ಸೆನ್ಸರ್ ಬಳಸುವ ಐ2ಸಿ ಪದ್ಧತಿಯನ್ನು ಫಿಲಿಪ್ಸ್ ಕಂಪೆನಿ 1982ರಲ್ಲಿ ರೂಪಿಸಿದ್ದು ಟಿವಿಯಂಥ ಒಂದೇ ಪೆಟ್ಟಿಗೆಯೊಳಗಿನ ಚಿಪ್ಪುಗಳು ಮಾತಾಡಿಕೊಳ್ಳಲಿ ಎಂದು. ತಂತಿಗಳ ಕೆಪಾಸಿಟೆನ್ಸ್ ಒಟ್ಟು 400 ಪಿಕೋಫ್ಯಾರಡ್ ದಾಟಬಾರದು. ಸಾಮಾನ್ಯ ಕೇಬಲ್ ಕೆಲವೇ ಮೀಟರಿಗೆ ಅಷ್ಟನ್ನೂ ನುಂಗಿಬಿಡುತ್ತದೆ. ಸೆನ್ಸರ್ ಪಕ್ಕದಲ್ಲೇ ಒಂದು ಮೈಕ್ರೋಕಂಟ್ರೋಲರ್ ಇಟ್ಟು, ಅಲ್ಲಿಂದ ಆರ್‌ಎಸ್-485 ಪದ್ಧತಿಯಲ್ಲಿ ಜೋಡಿ ತಂತಿ ಎಳೆಯಿರಿ, ಕಡಿಮೆ ವೇಗದಲ್ಲಿ 1200 ಮೀಟರ್ ವರೆಗೂ ಹೋಗುತ್ತದೆ ಎಂದು ಬರೆದಿದ್ದರು. ನಮ್ಮಿಂದ ಅವರಿಗೆ ಬರುವ ಲಾಭ ಎರಡು ಚಿಪ್ಪಿನದು, ಅಷ್ಟೇ. ಈಗ ಆ ತಾಯಿ ಅಡುಗೆಮನೆಯ ದೀಪ ನೋಡಿ ಪಂಪು ನಿಲ್ಲಿಸುತ್ತಾರೆ.

ಯಾರನ್ನೂ ಕೇಳುವ ಮೊದಲೇ ಉತ್ತರ ಬರೆದಿಟ್ಟವರೂ ಇದ್ದಾರೆ. ಇಂಗ್ಲೆಂಡಿನ ರಾಸ್ಪ್‌ಬೆರಿ ಪೈ ಸಂಸ್ಥೆ 2021ರ ಜನವರಿಯಲ್ಲಿ ಆರ್‌ಪಿ2040 ಎಂಬ ತನ್ನ ಮೊದಲ ಚಿಪ್ ಹೊರತಂದಾಗ 600ಕ್ಕೂ ಹೆಚ್ಚು ಪುಟಗಳ ವಿವರಪತ್ರವನ್ನು ಯಾರು ಬೇಕಾದರೂ ಓದಲೆಂದು ಬಿಟ್ಟುಕೊಟ್ಟಿತು. ಹುದ್ದೆ ಕೇಳಲಿಲ್ಲ, ವರ್ಷಕ್ಕೆಷ್ಟು ಎಂದೂ ಕೇಳಲಿಲ್ಲ. ನಮ್ಮ ಹುಡುಗರಲ್ಲೊಬ್ಬ ಅದರ ಮೊದಲ 40 ಪುಟ ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿದ್ದಾನೆ. ಅಂಚಿನ ತುಂಬ ಪೆನ್ಸಿಲಿನ ಪ್ರಶ್ನೆಗಳು. ತಾನೇ ಉತ್ತರ ಕಂಡುಕೊಂಡದ್ದನ್ನು ಅಳಿಸುತ್ತಾ ಬರುತ್ತಿದ್ದಾನೆ. ಮೊನ್ನೆ ನೋಡಿದಾಗ ಏಳು ಉಳಿದಿದ್ದವು.